ಬಣ್ಣ ಬಾರದಿದ್ದರೆ ‘ಇಲ್ಲ’ ಎಂದರ್ಥವೇ?

ಸಂಜೆಯ ಹೊತ್ತು ನಾಯಂಡಹಳ್ಳಿಯಲ್ಲಿ, ವರ್ತುಲ ರಸ್ತೆ ಮೈಸೂರು ರಸ್ತೆಯನ್ನು ಸೇರುವೆಡೆ ನಿಂತು ನೋಡಿ. ಆ ಜನಜಂಗುಳಿಯಲ್ಲಿ ಒಬ್ಬನನ್ನು ಹುಡುಕುವುದು ಹೇಗೆ? ಅವನ ಮುಖ ಬಲ್ಲ ಬಂಟನೊಬ್ಬನನ್ನು ಕಳಿಸಿ, ‘ಕಂಡೊಡನೆ ಕೈ ಹಿಡಿದು ಬಾವುಟ ಎತ್ತು’ ಎಂದರಾಯಿತು. ಜೀವಕೋಶದ ಸಾವಿರಾರು ಪ್ರೋಟೀನುಗಳ ನಡುವೆ ಒಂದನ್ನು ಹುಡುಕಲು ಪ್ರಯೋಗಾಲಯದವರು ಕಳಿಸುವ ಬಂಟನೇ ಪ್ರತಿಕಾಯ.

ರೋಗಾಣು ದೇಹವನ್ನು ಹೊಕ್ಕಾಗ ರಕ್ತದಲ್ಲಿ ಹುಟ್ಟುವ ರಕ್ಷಕ ಪ್ರೋಟೀನುಗಳೇ ಪ್ರತಿಕಾಯಗಳು. ಒಂದೊಂದೂ ತನಗೆ ಹೊಂದುವ ಆಕಾರಕ್ಕೆ ಅಂಟಿಕೊಳ್ಳುತ್ತದೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಕಂಡುಹಿಡಿದರು. 1984ರಲ್ಲಿ ಅವರಿಗೆ ನೊಬೆಲ್ ಬಂತು.

ಇನ್ನು ಹುಡುಕಬೇಕಾದ ಪ್ರೋಟೀನಿನ ಮಾತು. ಡಿಎನ್ಎ ಬೀರುವಿನಲ್ಲಿಟ್ಟ ಪುಸ್ತಕವಿದ್ದಂತೆ. ವಂಶವಾಹಿಗಳು ಅದರ ಪುಟಗಳು. ಪುಟವು ಆರ್‌ಎನ್ಎ ರೂಪದಲ್ಲಿ ನಕಲಾದಾಗಲೇ ಕೋಶದ ಕೆಲಸ ಸಾಗುವುದು. ಯಾವ ಪುಟ ಯಾವಾಗ ನಕಲಾಗಬೇಕೆಂದು ಆಜ್ಞೆ ಕೊಡುವ ಪ್ರೋಟೀನುಗಳಲ್ಲಿ ಈಸ್ಟ್ರೋಜೆನ್ ಗ್ರಾಹಕವೂ ಒಂದು. ಈಸ್ಟ್ರೋಜೆನ್ ಹಾರ್ಮೋನು ಬಂದು ಕೂಡಿದಾಗ ಅದು ಕೋಶದ ಬೆಳವಣಿಗೆಗೆ ಬೇಕಾದ ವಂಶವಾಹಿಗಳ ನಕಲನ್ನು ಆರಂಭಿಸುತ್ತದೆ. ಅನೇಕ ಸ್ತನ ಕ್ಯಾನ್ಸರ್ ಗೆಡ್ಡೆಗಳು ಬೆಳೆಯುವುದು ಇದರಿಂದಲೇ. ಗ್ರಾಹಕವಿದ್ದರೆ ಟಮಾಕ್ಸಿಫೆನ್ ಮಾತ್ರೆ ಹಾರ್ಮೋನಿನ ಜಾಗದಲ್ಲಿ ತಾನು ಕುಳಿತು ಬೆಳವಣಿಗೆಯನ್ನು ತಡೆಯಬಲ್ಲದು. ಇಲ್ಲದಿದ್ದರೆ ಆ ಮಾತ್ರೆಯಿಂದ ಫಲವಿಲ್ಲ.

ಆದ್ದರಿಂದ ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಮುಖ್ಯ. ಗೆಡ್ಡೆಯ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತಲೂ ತೆಳುವಾಗಿ ಕೊಯ್ದು, ಗಾಜಿನ ಮೇಲಿರಿಸಿ ಪ್ರತಿಕಾಯ ಹಾಕುತ್ತಾರೆ. ಬಳಿಕ ಬಣ್ಣದ ರಾಸಾಯನಿಕ. ಗ್ರಾಹಕವಿರುವ ಕೋಶಕೇಂದ್ರಗಳು ಕಂದು, ಉಳಿದವು ನೀಲಿ. ಕ್ಯಾನ್ಸರ್ ಕೋಶಗಳಲ್ಲಿ ನೂರಕ್ಕೆ ಒಂದರ ಕೇಂದ್ರ ಕಂದಾದರೂ ‘ಇದೆ’ ಎಂದೇ ಲೆಕ್ಕ.

ಕಂದು ಬಣ್ಣ ಬಾರದಿದ್ದರೆ? ಬಂಟ ಬಾವುಟ ಎತ್ತಲಿಲ್ಲವೆಂದರೆ ಹುಡುಕುವ ವ್ಯಕ್ತಿ ಅಲ್ಲಿಲ್ಲವೆಂದೇ ಅರ್ಥವಲ್ಲ, ಬಂಟನೇ ನಿದ್ದೆಹೋಗಿರಬಹುದು! ಚೂರು ಫಾರ್ಮಲಿನ್ ಸೇರುವುದು ತಡವಾದರೆ ಗ್ರಾಹಕ ಕೆಡುತ್ತದೆ. ಅದಕ್ಕೇ ತೆಗೆದ ಒಂದು ಗಂಟೆಯೊಳಗೆ ಹಾಕಬೇಕು, 6ರಿಂದ 72 ಗಂಟೆ ಇಡಬೇಕು ಎಂಬ ನಿಯಮವಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1997ರಿಂದ 2005ರವರೆಗೆ ಈ ಪರೀಕ್ಷೆಯಲ್ಲಿ ತಪ್ಪುಗಳಾಗಿ, ನೂರಾರು ರೋಗಿಗಳಿಗೆ ತಪ್ಪು ಫಲಿತಾಂಶ ಹೋಯಿತು. ಮಾತ್ರೆ ಸಿಗಬೇಕಾದವರಿಗೆ ಅದು ಸಕಾಲದಲ್ಲಿ ಸಿಗಲಿಲ್ಲ.

ಇದಕ್ಕೆ ಪರಿಹಾರ ಸರಳ. ಗ್ರಾಹಕ ಇದೆಯೆಂದು ಮೊದಲೇ ತಿಳಿದ ಚೂರನ್ನೂ ಇಲ್ಲವೆಂದು ತಿಳಿದ ಚೂರನ್ನೂ ರೋಗಿಯ ಚೂರಿನ ಜೊತೆಗೇ ಪರೀಕ್ಷಿಸುವುದು. ಮೊದಲನೆಯದು ಕಂದಾಗದಿದ್ದರೆ ಆ ದಿನದ ‘ಇಲ್ಲ’ಗಳನ್ನು ನಂಬುವಂತಿಲ್ಲ.

ವಿದ್ಯಾರ್ಥಿಗಳೇ, ಎಲೆಗೆ ಅಯೋಡಿನ್ ಹಾಕಿದಾಗ ನೀಲಿ ಬಾರದಿದ್ದರೆ ‘ಪಿಷ್ಟವಿಲ್ಲ’ ಎಂದು ಬರೆಯಲು ಅವಸರಪಡಬೇಡಿ. ಅದೇ ಸೀಸೆಯಿಂದ ಆಲೂಗಡ್ಡೆಯ ಹೋಳಿಗೂ ಒಂದು ಹನಿ ಹಾಕಿ ನೋಡಿ. ಅದೂ ನೀಲಿಯಾಗದಿದ್ದರೆ ತಪ್ಪು ಎಲೆಯದಲ್ಲ, ಅಯೋಡಿನ್ನಿನದು.