ಎರಡನೇ ಭಾಗದ ನಿಯತ್ತು

ಒಂದು ಒಳ್ಳೆಯ ಸಿನಿಮಾಕ್ಕೆ ಎರಡನೇ ಭಾಗ ಬರುತ್ತದಂತೆ ಎಂದು ಸುದ್ದಿಯಾದರೆ ಸಾಕು, ಮೊದಲನೆಯದನ್ನು ಮೆಚ್ಚಿದವರಿಗೆ ಖುಷಿಗಿಂತ ಗಾಬರಿಯೇ ಹೆಚ್ಚು. ಎಲ್ಲಿ ಕೆಡಿಸಿಬಿಡುತ್ತಾರೋ ಅಂತ! ನಮ್ಮ ಹುಡುಗರಿಗೆ ಈ ಗಾಬರಿ ಮೊಬೈಲ್ ಆಟಗಳ ವಿಷಯದಲ್ಲಿ. ೨೦೨೦ರ ಸೆಪ್ಟೆಂಬರಿನಲ್ಲಿ ಪಬ್ಜಿ ನಿಷೇಧವಾಗಿ, ೨೦೨೧ರ ಜುಲೈನಲ್ಲಿ ಅದೇ ಕಂಪನಿಯ ಆಟ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೊಸ ಹೆಸರಿನಲ್ಲಿ ಬಂದಾಗ ಅವರ ಪ್ರಶ್ನೆಗಳೇ ಪ್ರಶ್ನೆಗಳು. ಎರಾಂಗೆಲ್ ನಕ್ಷೆ ಹಾಗೇ ಇದೆಯಾ? ಹಳೆಯ ಬಂದೂಕುಗಳು ಇವೆಯಾ? ಕಷ್ಟಪಟ್ಟು ಸಂಪಾದಿಸಿದ ಬಟ್ಟೆಬರೆ ಸಿಗುತ್ತವಾ? ರಕ್ತ ಯಾಕೆ ಹಸಿರಾಯಿತು? ಇಷ್ಟು ಶ್ರದ್ಧೆಯಿಂದ ವ್ಯಾಕರಣ ಕೇಳಿದ್ದರೆ... ಇರಲಿ ಬಿಡಿ.

ಆಟದಲ್ಲಿ ಈ ಪ್ರಶ್ನೆಗಳು ಸರಿಯೇ. ನಕ್ಷೆ ಬದಲಾದರೆ ಆಟವೇ ಬದಲಾದಂತೆ. ಆದರೆ ಕಥೆಯ ವಿಷಯದಲ್ಲೂ ನಾವು ಇಂಥವೇ ಪ್ರಶ್ನೆ ಕೇಳುತ್ತೇವಲ್ಲ, ಅದೇ ನಮ್ಮ ತಕರಾರು. ಅದಕ್ಕೆ ನಾಗವಲ್ಲಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹೊಸೂರು, ತಳಿ, ಡೆಂಕಣಿಕೋಟೆ ಕಡೆಯವರಾದ ನಮಗೆ ಈ ಕಥೆ ಒಂದು ಭಾಷೆಯಲ್ಲಿ ಬಂದದ್ದಲ್ಲ. ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಜಿಲ್ಲೆಯಾದ ವರ್ಷವೇ, ಅಂದರೆ ೨೦೦೪ರ ಆಗಸ್ಟಿನಲ್ಲಿ, 'ಆಪ್ತಮಿತ್ರ' ಬಂತು. ದ್ವಾರಕೀಶ್ ನಿರ್ಮಾಣ, ಪಿ. ವಾಸು ನಿರ್ದೇಶನ, ಡಾ. ವಿಜಯ್ ಪಾತ್ರದಲ್ಲಿ ವಿಷ್ಣುವರ್ಧನ್, ಗಂಗಾ ಪಾತ್ರದಲ್ಲಿ ಸೌಂದರ್ಯ. ಪಾಪ, ಸೌಂದರ್ಯ ಏಪ್ರಿಲ್ ೧೭ರಂದೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಮರುವರ್ಷ ತಮಿಳು ಹೊಸವರ್ಷದ ದಿನ ಅದೇ ವಾಸು ಅದೇ ಕಥೆಯನ್ನು 'ಚಂದ್ರಮುಖಿ'ಯಾಗಿ ತಂದರು. ರಜನಿಕಾಂತ್ ಇದ್ದ ಮೇಲೆ ಕೇಳಬೇಕೆ? ಅಂದ ಹಾಗೆ ಅವರ ಪೂರ್ವಿಕರ ಊರು ನಾಚಿಕುಪ್ಪಂ ನಮ್ಮ ಜಿಲ್ಲೆಯದೇ. ಹೀಗಾಗಿ ಒಂದೇ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಅವಳು ನಾಗವಲ್ಲಿ, ಇನ್ನರ್ಧ ಮಕ್ಕಳಿಗೆ ಚಂದ್ರಮುಖಿ. ಯಾರು ಯಾರನ್ನು ನೋಡಿ ಮಾಡಿದರು ಎಂಬ ಜಗಳ ಬೇರೆ. ಎರಡಕ್ಕೂ ತಾಯಿಬೇರು ೧೯೯೩ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್'. ಮಧು ಮುಟ್ಟಂ ಬರೆದು ಫಾಜಿಲ್ ನಿರ್ದೇಶಿಸಿದ್ದು. ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಚಿತ್ರವನ್ನು ೨೦೨೪ರ ಆಗಸ್ಟಿನಲ್ಲಿ ಮತ್ತೆ ಚಿತ್ರಮಂದಿರಕ್ಕೆ ತಂದಾಗಲೂ ಜನ ಹೋಗಿ ನೋಡಿದರು.

ಒಂದು ತಮಾಷೆ ನೋಡಿ. ಮಲಯಾಳಂನಲ್ಲಿ ದೆವ್ವ ಮೈಮೇಲೆ ಬಂದವಳು ತಮಿಳು ಮಾತಾಡುತ್ತಾಳೆ. ಕನ್ನಡದಲ್ಲೂ ತಮಿಳಿನಲ್ಲೂ ತೆಲುಗು ಮಾತಾಡುತ್ತಾಳೆ. ಗಂಗಾಳ ಬಾಯಲ್ಲಿ ಗೊತ್ತಿಲ್ಲದ ಭಾಷೆ ಬಂತಲ್ಲ ಎಂದು ಬೆಂಗಳೂರಿನವರು ಬೆಚ್ಚಿಬೀಳಬಹುದು. ನಮ್ಮ ಮಕ್ಕಳು ಬೀಳುವುದಿಲ್ಲ. ಪಕ್ಕದ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಮೂರು ಭಾಷೆ ಆಡಿದ್ದಕ್ಕೆಲ್ಲ ದೆವ್ವ ಹಿಡಿದಿದೆ ಅನ್ನುವುದಾದರೆ ಇಡೀ ಹೊಸೂರಿಗೇ ತಾಯತ ಕಟ್ಟಿಸಬೇಕಾದೀತು!

ಈಗ ಎರಡನೇ ಭಾಗಕ್ಕೆ ಬರೋಣ. 'ಆಪ್ತರಕ್ಷಕ' ಬಿಡುಗಡೆಯಾದದ್ದು ೨೦೧೦ರ ಫೆಬ್ರವರಿ ೧೯ರಂದು. ಅದಕ್ಕೆ ಏಳು ವಾರ ಮೊದಲು, ಡಿಸೆಂಬರ್ ೩೦ರಂದು, ವಿಷ್ಣುವರ್ಧನ್ ಹೋಗಿಬಿಟ್ಟಿದ್ದರು. ಅಭಿಮಾನಿಗಳು ಟಾಕೀಸಿಗೆ ಹೋದದ್ದು ಸಿನಿಮಾ ನೋಡಲು ಮಾತ್ರವಲ್ಲ, ಅವರನ್ನು ಕೊನೆಯ ಸಲ ಕಾಣಲು. ಹಾಗಾಗಿ ಅದನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗಲಿಲ್ಲ. ತೂಗುವ ಹೊತ್ತೂ ಅದಾಗಿರಲಿಲ್ಲ.

ಈಗ ತೂಗಬಹುದು. ಅಭಿಮಾನಿಗಳು ಏನೇನು ಉಳಿಯಬೇಕೆಂದು ಬಯಸಿದ್ದರೋ ಎಲ್ಲವೂ ಅಲ್ಲಿ ಉಳಿದಿತ್ತು. ಅದೇ ಡಾ. ವಿಜಯ್, ಅದೇ ರಾಮಚಂದ್ರ ಆಚಾರ್ಯರಾಗಿ ಅವಿನಾಶ್, ಗುರುಕಿರಣ್ ಸಂಗೀತ, ನಾಗವಲ್ಲಿಯ ಚಿತ್ರಪಟ, ವಿಜಯ ರಾಜೇಂದ್ರ ಬಹಾದ್ದೂರ್. ನಕ್ಷೆ, ಬಂದೂಕು, ಬಟ್ಟೆಬರೆ ಎಲ್ಲ ಸರಿಯಾಗಿದ್ದವು ಅನ್ನಿ. ಉಳಿಯದೇ ಹೋದದ್ದು ಒಂದೇ, ಮೊದಲ ಚಿತ್ರದ ಬೆನ್ನೆಲುಬು.

'ಆಪ್ತಮಿತ್ರ'ದ ಹೆಚ್ಚುಗಾರಿಕೆ ಏನಿತ್ತು? ಹೆದರಿಸಿ ಹೆದರಿಸಿ ಕೊನೆಗೆ ದೆವ್ವವೇ ಇಲ್ಲ, ಇದು ಮನಸ್ಸಿನ ಕಾಯಿಲೆ ಎಂದು ಹೇಳಿದ್ದು. ಕಾಯಿಲೆಯವಳನ್ನು ಹೊಡೆಯದೆ, ಬೈಯದೆ, ಅವಳ ಬಾಲ್ಯವನ್ನು ವಿಚಾರಿಸಿ ತಿಳಿದುಕೊಂಡು, ರಾಜನ ಜಾಗದಲ್ಲಿ ಬೊಂಬೆಯಿಟ್ಟು ಅವಳ ಸೇಡು ತೀರುವಂತೆ ಮಾಡಿ ಗುಣಪಡಿಸಿದ್ದು. ಮಂತ್ರ ಬಲ್ಲ ಆಚಾರ್ಯರು ಕೂಡ ಡಾಕ್ಟರ ಮಾತಿಗೆ ಒಪ್ಪಿ ಜೊತೆಗೆ ನಿಲ್ಲುತ್ತಾರೆ. ನಿಜವಾದ ಆಸ್ಪತ್ರೆಯಲ್ಲಿ ಹೀಗೆ ಬೊಂಬೆಯಿಟ್ಟು ಚಿಕಿತ್ಸೆ ಮಾಡುವುದಿಲ್ಲ, ಅದು ಸಿನಿಮಾ. ಆದರೆ ಅದು ತೋರಿಸಿದ ದಿಕ್ಕು ಸರಿಯಾಗಿತ್ತು.

'ಆಪ್ತರಕ್ಷಕ'ದಲ್ಲಾದರೋ ನೂರು ವರ್ಷ ಯಾವಾಗಲೋ ದಾಟಿದ ರಾಜ ಇನ್ನೂ ಬದುಕಿದ್ದಾನೆ! ಡಾಕ್ಟರ್ ಇದ್ದಾರೆ, ಆದರೆ ಅವರ ಶಾಸ್ತ್ರಕ್ಕೆ ಅಲ್ಲಿ ಕೆಲಸ ಕಡಿಮೆ. ಮೊದಲ ಚಿತ್ರ ಎರಡೂವರೆ ಗಂಟೆ ಕಷ್ಟಪಟ್ಟು ಬಿಡಿಸಿದ ಗಂಟನ್ನು ಎರಡನೆಯದು ಮತ್ತೆ ಕಗ್ಗಂಟು ಮಾಡಿತು. ನ್ಯಾಯವಾಗಿ ಹೇಳಬೇಕೆಂದರೆ ಇದರ ಬೀಜ 'ಆಪ್ತಮಿತ್ರ'ದಲ್ಲೇ ಇತ್ತು. ಆ ದೊಡ್ಡ ಹಾವು ನೆನಪಿದೆಯಾ? ಮಲಯಾಳಂ ಮೂಲದಲ್ಲಿ ಅದಿಲ್ಲ. ಎಲ್ಲಕ್ಕೂ ಕಾರಣ ಕೊಟ್ಟ ಡಾಕ್ಟರು ಆ ಹಾವಿಗೆ ಮಾತ್ರ ಕಾರಣ ಕೊಡಲಿಲ್ಲ. ಬಾಗಿಲನ್ನು ಅಷ್ಟು ತೆರೆದಿಟ್ಟರೆ ಯಾರು ಬೇಕಾದರೂ ಒಳಗೆ ಬರುತ್ತಾರೆ.

ಬಂದರು ಕೂಡ. ಹಿಂದಿಯ 'ಭೂಲ್ ಭುಲಯ್ಯಾ' ೨೦೦೭ರಲ್ಲಿ ಮೂಲದ ದಾರಿಯನ್ನೇ ಹಿಡಿದಿತ್ತು. ೨೦೨೨ರ ಅದರ ಎರಡನೇ ಭಾಗದಲ್ಲಿ ದೆವ್ವ ದೆವ್ವವೇ. ೨೦೨೩ರ ಸೆಪ್ಟೆಂಬರಿನಲ್ಲಿ ಬಂದ 'ಚಂದ್ರಮುಖಿ ೨'ರಲ್ಲೂ ಅಷ್ಟೇ, ಹಳೆಯ ರಾಜನ ಕಥೆಯನ್ನೇ ತಿರುಚಿಬಿಟ್ಟರು. ಆಗ ನಮ್ಮ ಕಡೆ ಕೇಳಿಬಂದ ದೂರುಗಳು ಯಾವುವು? ರಜನಿ ಇಲ್ಲ, ಜ್ಯೋತಿಕಾ ಅಷ್ಟು ಚೆನ್ನಾಗಿ ಕಂಗನಾ ಕಣ್ಣು ತಿರುಗಿಸಲಿಲ್ಲ, ಹಾಡು ಹಳೆಯದರ ಹಾಗಿಲ್ಲ. ಕಾಯಿಲೆ ಹೋಗಿ ದೆವ್ವ ಬಂತಲ್ಲ ಸ್ವಾಮಿ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದವರು ನಮಗೆ ಕಾಣಲಿಲ್ಲ.

ಸಿನಿಮಾ ತಾನೆ, ಮೇಷ್ಟ್ರುಗಳಿಗೆ ಯಾಕಿಷ್ಟು ಉರಿ ಅನ್ನಬಹುದು. ಕಾರಣ ಇದೆ. ಪ್ರಾರ್ಥನೆಯ ಸಾಲಿನಲ್ಲಿ ಹೆಣ್ಣುಮಗುವೊಂದು ಕುಸಿದು ಬೀಳುವುದು, ಎದ್ದು ಬೇರೆ ದನಿಯಲ್ಲಿ ಮಾತಾಡುವುದು, ಪರೀಕ್ಷೆ ಹತ್ತಿರ ಬಂದಾಗ ಮಾತೇ ನಿಂತುಹೋಗುವುದು ಹಳ್ಳಿಶಾಲೆಯವರು ಯಾರೂ ಕಾಣದ್ದಲ್ಲ. ಮನೆಯವರು ಗಾಳಿ ಸೋಕಿದೆ ಅನ್ನುತ್ತಾರೆ. ನಿವಾಳಿಸುತ್ತಾರೆ, ಬೇವಿನ ಸೊಪ್ಪಿನಲ್ಲಿ ಹೊಡೆಸುತ್ತಾರೆ, ಹುಣ್ಣಿಮೆ ಅಮಾವಾಸ್ಯೆ ಅಂತ ತಿಂಗಳುಗಟ್ಟಲೆ ಶಾಲೆ ಬಿಡಿಸುತ್ತಾರೆ. ಹೀಗೆ ಬಿಟ್ಟ ಹೆಣ್ಣುಮಕ್ಕಳು ಎಷ್ಟೋ ಸಲ ತಿರುಗಿ ಬರುವುದೇ ಇಲ್ಲ. ಮುಂದಿನ ಸುದ್ದಿ ಮದುವೆಯದೇ. ಇಂಥ ಮನೆಯ ಜಗುಲಿಯಲ್ಲಿ ಕೂತು ಮಾನಸಿಕ ರೋಗ, ಚಿಕಿತ್ಸೆ ಎಂದೆಲ್ಲ ವಿವರಿಸಿದರೆ ಯಾರಿಗೆ ಬೇಕು? "ಅಮ್ಮಾ, ಆಪ್ತಮಿತ್ರದಲ್ಲಿ ಗಂಗಾಗೆ ಆದದ್ದು ಏನು ಹೇಳಿ? ಕೊನೆಗೆ ಗುಣ ಆಯ್ತಲ್ಲವೇ?" ಅಂದರೆ ಮಾತು ಮುಂದುವರಿಯುತ್ತದೆ. ತಾಯಿಯ ಮುಖ ಸ್ವಲ್ಪ ಸಡಿಲವಾಗುತ್ತದೆ. ನಮ್ಮ ಕೈಯಲ್ಲಿದ್ದ ಆ ಒಂದು ಒಳ್ಳೆಯ ಉದಾಹರಣೆಯನ್ನು ಎರಡನೇ ಭಾಗದವರು ಕಿತ್ತುಕೊಂಡರು. ಈಗ ಮಕ್ಕಳೇ ತಿರುಗಿ ಹೇಳುತ್ತಾರೆ, "ಇಲ್ಲ ಸಾರ್, ಸೆಕೆಂಡ್ ಪಾರ್ಟಲ್ಲಿ ನಿಜವಾಗ್ಲೂ ದೆವ್ವ ಇದೆ!"

ಅದಕ್ಕೇ ಹೊಸ ಭಾಗ ಬರುತ್ತದೆಂದಾಗ ಹಳೆಯ ಅಭಿಮಾನಿಗಳು 'ಹೌಲಾ ಹೌಲಾ' ಇರುತ್ತದಾ ಎಂದು ಕೇಳುವ ಮೊದಲು ಡಾಕ್ಟರು ಗೆಲ್ಲುತ್ತಾರಾ ಎಂದು ಕೇಳಲಿ ಅನ್ನುವುದು ನಮ್ಮ ಆಸೆ. ನಟ ಬದಲಾಗಲಿ, ಅರಮನೆ ಬದಲಾಗಲಿ, ನಾಗವಲ್ಲಿ ಬೇಕಾದರೆ ಮರಾಠಿ ಮಾತಾಡಲಿ, ನಮಗೆ ಬೇಸರವಿಲ್ಲ.

ಇನ್ನೊಂದು ವಿಷಯ. ನಮ್ಮೂರಿನಿಂದ ಬೆಂಗಳೂರಿಗೆ ಹೋಗುವ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ, ಹೆಚ್ಚೆಂದರೆ ನಲವತ್ತು ಕಿಲೋಮೀಟರ್ ದೂರ. ಅಲ್ಲಿಯವರೆಗೆ ಹೋಗಲು ಹಿಂಜರಿಯುವವರಿಗೆ ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಇದೆ. ಸಂಖ್ಯೆ ೧೪೪೧೬. ಫೋನಿಗೆ ಕಾಸಿಲ್ಲ, ಕನ್ನಡದಲ್ಲೂ ಮಾತಾಡಬಹುದು, ತಮಿಳಿನಲ್ಲೂ ಮಾತಾಡಬಹುದು. ಮುಂದಿನ ಪೋಷಕರ ಸಭೆಯ ದಿನ ಇದನ್ನು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದಿಡಿ.