ಜಗತ್ತನ್ನೇ ಆಳುವವನಿಗೆ ಅರ್ಜಿ ಯಾಕೆ?

ಮೊನ್ನೆ ಆಫೀಸಿನ ಕಾಫಿ ಮೆಷಿನ್ ಹತ್ತಿರ ಸಹೋದ್ಯೋಗಿಯೊಬ್ಬ, "ಫ್ರೀಮೇಸನ್ನರು ಗುಟ್ಟಾಗಿ ಇಡೀ ಜಗತ್ತನ್ನೇ ಆಳ್ತಿದಾರೆ, ಗೊತ್ತಾ?" ಅಂದ. ಬಿ.ಇ. ಓದಿದವನು ಸ್ವಾಮೀ! ಫಾರ್ವರ್ಡ್ ಆಗಿ ಬಂದಿದ್ದೆಲ್ಲ ವೇದವಾಕ್ಯ...

ಹಾಗಾದ್ರೆ ಪ್ರಿನ್ಸ್ ಹಾಲ್ ಕಥೆ ಕೇಳಿ. ಬಾಸ್ಟನ್ನಿನಲ್ಲಿ ಚರ್ಮ ಹದಮಾಡಿ ಬದುಕಿದ ಕಪ್ಪು ಮನುಷ್ಯ. ಮೇಸನ್ ಆದರೂ ಅಲ್ಲಿನ ಬಿಳಿಯ ಮೇಸನ್ನರು ಆತನನ್ನು ಸಮಾನನೆಂದು ಒಪ್ಪಲಿಲ್ಲ. ಲಂಡನ್ನಿಗೇ ಬರೆದ. 1784ರಲ್ಲಿ ಆಫ್ರಿಕನ್ ಲಾಡ್ಜ್ ನಂಬರ್ 459ಕ್ಕೆ ಸನ್ನದು ಮಂಜೂರಾಯಿತು, ಕೈಸೇರಿದ್ದು 1787ರಲ್ಲಿ! ಹಾಲ್ ಅದರ ಮಾಸ್ಟರ್, ಅಂದರೆ ಮುಖ್ಯಸ್ಥ.

ಈ 'ಜಗತ್ತನ್ನಾಳುವವನು' ಮಾಡಿದ್ದೇನು? ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಹಾಕಿದ! 1777ರಲ್ಲಿ, ಗುಲಾಮಗಿರಿ ತೆಗೆಯಿರಿ ಅಂತ. 1787ರಲ್ಲಿ, ತೆರಿಗೆ ಕಟ್ತೀವಿ, ನಮ್ಮ ಮಕ್ಕಳಿಗೆ ಶಾಲೆ ಎಲ್ಲಿ ಅಂತ. ಶಾಲೆ ಸಿಗಲಿಲ್ಲ. 1788ರಲ್ಲಿ ಮೂವರು ಸ್ವತಂತ್ರ ಕಪ್ಪು ಜನರನ್ನು ಮೋಸದಿಂದ ಹಡಗು ಹತ್ತಿಸಿ ಮಾರಲು ಒಯ್ದಾಗ ಮತ್ತೊಂದು ಅರ್ಜಿ. ಆ ಮಾರ್ಚಿನಲ್ಲೇ ಗುಲಾಮರ ವ್ಯಾಪಾರ ತಡೆಯುವ ಕಾನೂನು ಬಂತು. ಮೂವರೂ ಊರಿಗೆ ಮರಳಿದರು.

ಇದರಲ್ಲಿ ಗುಟ್ಟೇನಿದೆ ಹೇಳಿ? ಸಹಿ ಹಾಕಿ ಸರ್ಕಾರಕ್ಕೆ ಕೊಟ್ಟ ಕಾಗದ!

ಮೇಸನ್ನರನ್ನು ಬೈಯಲೇಬೇಕಾ? ಬೈಯಿರಿ, ಕಾರಣ ಬೇಕಾದಷ್ಟಿದೆ. ಹಾಲ್ ತೀರಿಕೊಂಡದ್ದು 1807ರಲ್ಲಿ. ಆತನ ಹೆಸರು ಹೊತ್ತ ಮ್ಯಾಸಚೂಸೆಟ್ಸಿನ ಗ್ರ್ಯಾಂಡ್ ಲಾಡ್ಜಿಗೆ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಮಾನ್ಯತೆ ಕೊಟ್ಟದ್ದು 1994ರಲ್ಲಿ. 187 ವರ್ಷ! ಬಾಯ್ತುಂಬಾ ಸೋದರತ್ವ ಅನ್ನುವವರು ಬಣ್ಣ ನೋಡಿ ಬಾಗಿಲು ಹಾಕಿದ್ದು ಎಲ್ಲರ ಕಣ್ಣೆದುರಿಗೇ. ಅದನ್ನು ಬಿಟ್ಟು ಇಲ್ಲದ ಗುಟ್ಟು ಹುಡುಕ್ತೀವಲ್ಲ... ಏನಂತೀರಿ?