ಗಣಿಧಣಿ ಕೂತ ಸಾಲಿನಿಂದ ಪ್ರಶ್ನೆ ಬರುವುದಿಲ್ಲ

2024ರ ಫೆಬ್ರುವರಿ 27ರಂದು ನಡೆದ ರಾಜ್ಯಸಭಾ ಚುನಾವಣೆಯಲ್ಲಿ ಗಾಲಿ ಜನಾರ್ದನ ರೆಡ್ಡಿ ಕಾಂಗ್ರೆಸ್ಸಿಗೆ ಮತ ಹಾಕಿದರು. ಮಾರ್ಚ್ 25ರಂದು ತಮ್ಮ ಕಲ್ಯಾಣ ರಾಜ್ಯ ಪ್ರಗತಿ ಪಕ್ಷವನ್ನು ಬಿಜೆಪಿಯಲ್ಲಿ ವಿಲೀನಗೊಳಿಸಿ ಯಡಿಯೂರಪ್ಪನವರ ಪಕ್ಕದಲ್ಲಿ ನಿಂತು ಶಾಲು ಹೊದ್ದರು. ಫೆಬ್ರುವರಿಯಲ್ಲಿ ಆ ಮತ ಪಡೆದ ಕಾಂಗ್ರೆಸ್ ನಾಯಕರಿಗೆ ಮುಜುಗರವಾಗಲಿಲ್ಲ, ಮಾರ್ಚಿನಲ್ಲಿ ಬಾಗಿಲು ತೆರೆದ ಬಿಜೆಪಿಯವರಿಗೂ ಆಗಲಿಲ್ಲ. ಒಂದೇ ತಿಂಗಳೊಳಗೆ ಇಬ್ಬರಿಗೂ ಬೇಕಾದವರಾಗುವುದು ಈ ರಾಜ್ಯದಲ್ಲಿ ಎಲ್ಲರಿಗೂ ಸಾಧ್ಯವಿಲ್ಲ. ರೆಡ್ಡಿಯವರಿಗೆ ಸಾಧ್ಯವಾಯಿತು.

ಮರುವರ್ಷ ಮೇ 6ರಂದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಓಬಳಾಪುರಂ ಗಣಿ ಪ್ರಕರಣದಲ್ಲಿ ಅವರಿಗೆ ಏಳು ವರ್ಷ ಜೈಲು ವಿಧಿಸಿತು. ಗಂಗಾವತಿಯ ಶಾಸಕ ಸ್ಥಾನ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು, ಸ್ಥಾನ ಮರಳಿ ಬಂತು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪು ಹುಡುಕಲು ಏನೂ ಇಲ್ಲ. ಮೇಲ್ಮನವಿ ಅವರ ಹಕ್ಕು, ಅದರ ತೀರ್ಪು ಏನಾಗಬೇಕೆಂದು ಹೇಳುವುದು ನನ್ನ ಕೆಲಸವಲ್ಲ. ನನ್ನ ತಕರಾರು ಬೇರೆ. ಸರ್ಕಾರವನ್ನು ಭ್ರಷ್ಟಾಚಾರದ ಬಗ್ಗೆ ಕೇಳಬೇಕಾದ ಸಾಲಿನಲ್ಲಿ ರೆಡ್ಡಿಯವರನ್ನು ಕೂರಿಸಿಕೊಂಡ ದಿನವೇ ಬಿಜೆಪಿ, ಬಳ್ಳಾರಿ ಜಿಲ್ಲೆಯ ಮಟ್ಟಿಗೆ, ವಿರೋಧ ಪಕ್ಷದ ಕೆಲಸಕ್ಕೆ ರಾಜೀನಾಮೆ ಕೊಟ್ಟಿತು. ಅವರ ಮತವನ್ನು ಸದ್ದಿಲ್ಲದೆ ಜೇಬಿಗಿಳಿಸಿದ ಕಾಂಗ್ರೆಸ್ಸು ಆ ರಾಜೀನಾಮೆಗೆ ಆಗಲೇ ಸಾಕ್ಷಿ ಹಾಕಿತ್ತು.

ಉದ್ಯಮಿಗಳು ರಾಜಕೀಯಕ್ಕೆ ಬರಬಾರದೆಂಬ ಮಡಿವಂತಿಕೆ ನನಗಿಲ್ಲ. ರೆಡ್ಡಿಯವರ ಆರಂಭದ ಕಥೆಯಂತೂ ಸಿನಿಮಾಕ್ಕೆ ಹೇಳಿ ಮಾಡಿಸಿದಂತಿದೆ. ತಂದೆ ಪೊಲೀಸ್ ಕಾನ್‌ಸ್ಟೆಬಲ್. ಮಗ ಬಳ್ಳಾರಿಯಲ್ಲಿ ಎನೋಬಲ್ ಇಂಡಿಯಾ ಎಂಬ ಉಳಿತಾಯ ಕಂಪನಿ ತೆರೆದರು, ಅದು ಮುಳುಗಿತು. 1999ರಲ್ಲಿ ಸೋನಿಯಾ ಗಾಂಧಿ ವಿರುದ್ಧ ಸುಷ್ಮಾ ಸ್ವರಾಜ್ ಬಳ್ಳಾರಿಗೆ ಬಂದಾಗ ರೆಡ್ಡಿ ಸಹೋದರರು ಮತ್ತು ಅವರ ಆಪ್ತ ಶ್ರೀರಾಮುಲು ಸುಷ್ಮಾರ ಬೆನ್ನಿಗೆ ನಿಂತರು. ಸುಷ್ಮಾ ಸೋತರು, ಆದರೆ ಈ ಹುಡುಗರು ದಿಲ್ಲಿಯ ಕಣ್ಣಿಗೆ ಬಿದ್ದರು. ಮುಂದೆ ಆಂಧ್ರದ ಅನಂತಪುರ ಜಿಲ್ಲೆಯ ಗಡಿಯಲ್ಲಿ ಓಬಳಾಪುರಂ ಮೈನಿಂಗ್ ಕಂಪನಿ ಕೈಗೆ ಬಂತು. ಅಷ್ಟರಲ್ಲಿ ಬೀಜಿಂಗ್ ಒಲಿಂಪಿಕ್ಸಿಗೆ ಸಜ್ಜಾಗುತ್ತಿದ್ದ ಚೀನಾ ಕಬ್ಬಿಣದ ಅದಿರಿಗೆ ಬಾಯಿ ತೆರೆದು ಕೂತಿತ್ತು.

ಆಗಿನ ಲೆಕ್ಕ ಒಮ್ಮೆ ನೋಡಿ. 2009ರ ಆಗಸ್ಟ್‌ವರೆಗೆ ರಾಜಧನ ಟನ್ನಿಗೆ ಇಷ್ಟೆಂದು ನಿಗದಿಯಾಗಿತ್ತು. ಅತ್ಯುತ್ತಮ ದರ್ಜೆಯ ಅದಿರಿಗೂ ಸರ್ಕಾರಕ್ಕೆ ಸಿಗುತ್ತಿದ್ದದ್ದು 27 ರೂಪಾಯಿ. ಅದೇ ಟನ್ನು ಬಂದರು ಮುಟ್ಟಿದಾಗ ಬೆಲೆ ಸಾವಿರಗಳಲ್ಲಿ. ಹೊಸಪೇಟೆ, ಸಂಡೂರು ಸುತ್ತ ರೈತರು ನೇಗಿಲು ಬಿಟ್ಟು ಹೊಲದ ಮೇಲ್ಮಣ್ಣು ಕೆದಕಿ ಅದಿರು ಮಾರಿದರು. ಮರದ ಎಲೆ, ಮನೆಯ ಮಾಳಿಗೆ, ಮಕ್ಕಳ ತಲೆಗೂದಲು ಎಲ್ಲವೂ ಕೆಂಪಾದವು. ನೆಲದಡಿಯಲ್ಲಿದ್ದದ್ದು ಎಲ್ಲರ ಸ್ವತ್ತು, ಅದನ್ನು ಎಲ್ಲರಿಗೂ ಚಿಲ್ಲರೆ ಕೊಟ್ಟು ಎತ್ತಿಕೊಳ್ಳುವುದು ವ್ಯಾಪಾರ. ಇಂಥ ವ್ಯಾಪಾರಕ್ಕೆ ಜಾಣತನಕ್ಕಿಂತ ಹೆಚ್ಚಾಗಿ ಬೇಕಾಗಿದ್ದು ಸರ್ಕಾರ. ರೆಡ್ಡಿ ಅದನ್ನು ಬೇರೆಲ್ಲ ಗಣಿ ಮಾಲೀಕರಿಗಿಂತ ಮೊದಲು ಕಂಡುಕೊಂಡರು. ಗಡಿಯಾಚೆ ಕಾಂಗ್ರೆಸ್ಸಿನ ವೈ.ಎಸ್. ರಾಜಶೇಖರ ರೆಡ್ಡಿ, ಈಚೆ ಬಿಜೆಪಿ. ಕಡಪದಲ್ಲಿ ರೆಡ್ಡಿಯವರ ಬ್ರಹ್ಮಣಿ ಸ್ಟೀಲ್ಸ್‌ಗೆಂದು ವೈಎಸ್ಆರ್ ಸರ್ಕಾರ ಕೊಟ್ಟ ಭೂಮಿಯೇ ಹತ್ತು ಸಾವಿರ ಎಕರೆ ದಾಟಿತ್ತು. ಪಕ್ಷಭೇದ ಮರೆತು ಹೇಗೆ ಬದುಕಬೇಕೆಂದು ಕಲಿಸಿದ ಸ್ನೇಹ ಅದು.

ಗಡಿಯ ಮಾತು ಬಂದಿದ್ದರಿಂದ ಸುಗ್ಗಲಮ್ಮನ ಗುಡಿಯನ್ನೂ ನೆನೆಯಬೇಕು. ಎರಡು ರಾಜ್ಯಗಳ ಗಡಿಗೆ ಗುರುತಾಗಿ ನಿಂತಿದ್ದ ಹಳೆಯ ಗುಡಿ ಅದು. 2006ರಲ್ಲಿ ಸ್ಫೋಟಕಕ್ಕೆ ನೆಲಸಮವಾಯಿತು. ಗಡಿಕಲ್ಲುಗಳು ಜಾಗ ಬಿಟ್ಟವು, ಗುತ್ತಿಗೆಯ ನಕಾಶೆ ಕಾಡಿನೊಳಗೆ ಹಬ್ಬಿತು. ಮೂರು ವರ್ಷದ ನಂತರ, 2009ರಲ್ಲಿ, ರೆಡ್ಡಿ ತಿರುಪತಿ ತಿಮ್ಮಪ್ಪನಿಗೆ ಸುಮಾರು 45 ಕೋಟಿ ರೂಪಾಯಿಯ ವಜ್ರಖಚಿತ ಕಿರೀಟ ಅರ್ಪಿಸಿದರು. ಕಿರೀಟದ ಫೋಟೊ ಎಲ್ಲ ಪತ್ರಿಕೆಗಳಲ್ಲೂ ಬಂತು. ಧರ್ಮ, ದೇವಸ್ಥಾನವೆಂದರೆ ಬೀದಿಗಿಳಿಯುವ ಪಕ್ಷದ ಮಂತ್ರಿ ಆಗ ಅವರು. ಸುಗ್ಗಲಮ್ಮನಿಗಾಗಿ ಆ ಪಕ್ಷದವರು ಬೀದಿಗಿಳಿದದ್ದನ್ನು ನಾನು ಕಾಣೆ. ಗಡಿಯಮ್ಮನಿಗೆ ಓಟ್ ಬ್ಯಾಂಕ್ ಇರಲಿಲ್ಲವೇನೋ.

2008ರಲ್ಲಿ ಬಿಜೆಪಿಗೆ ಸಿಕ್ಕಿದ್ದು 110 ಸ್ಥಾನ. ಬಹುಮತಕ್ಕೆ ಬೇಕಾದ ಪಕ್ಷೇತರರನ್ನು ಕೂಡಿಸಿದ್ದು, ಬಳಿಕ ಬೇರೆ ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ ಮರುಚುನಾವಣೆಗೆ ನಿಲ್ಲಿಸಿದ್ದು, ಇವೆಲ್ಲದರ ಹಿಂದೆ ಬಳ್ಳಾರಿಯ ಹಣವಿತ್ತು ಎಂಬುದು ಆಗ ವಿಧಾನಸೌಧದ ಕಾರಿಡಾರಿನಲ್ಲಿ ಗುಟ್ಟಾಗಿ ಆಡುವ ಮಾತೂ ಆಗಿರಲಿಲ್ಲ. ಪ್ರತಿಫಲವಾಗಿ ಜನಾರ್ದನ, ಸಹೋದರ ಕರುಣಾಕರ, ಶ್ರೀರಾಮುಲು ಮೂವರೂ ಮಂತ್ರಿಗಳಾದರು. ಕಂದಾಯ, ಆರೋಗ್ಯ, ಪ್ರವಾಸೋದ್ಯಮ, ಮೂಲಸೌಕರ್ಯ ಎಲ್ಲ ಒಂದೇ ಬಳಗಕ್ಕೆ. 2009ರಲ್ಲಿ ಅದೇ ಬಳಗ ಶಾಸಕರನ್ನು ಹೈದರಾಬಾದಿನ ರೆಸಾರ್ಟಿನಲ್ಲಿ ಕೂರಿಸಿ ಯಡಿಯೂರಪ್ಪನವರನ್ನು ಮಂಡಿಯೂರಿಸಿತು. ಮುಖ್ಯಮಂತ್ರಿ ಟಿವಿ ಕ್ಯಾಮೆರಾದ ಮುಂದೆ ಕಣ್ಣೀರು ಹಾಕಿದರು, ಶೋಭಾ ಕರಂದ್ಲಾಜೆ ಮಂತ್ರಿಗಿರಿ ಬಿಟ್ಟರು. ಹದಿನೈದು ವರ್ಷದ ನಂತರ ಅದೇ ಯಡಿಯೂರಪ್ಪ ಅದೇ ರೆಡ್ಡಿಗೆ ಶಾಲು ಹೊದಿಸಲು ಎದ್ದು ನಿಂತರೆಂದರೆ ಅವರ ಕ್ಷಮಾಗುಣ ದೊಡ್ಡದಿರಬೇಕು. ಇಲ್ಲವೇ ಲೋಕಸಭಾ ಚುನಾವಣೆ ಹತ್ತಿರವಿತ್ತು.

ಇನ್ನು ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ವರದಿ. ಬೊಕ್ಕಸಕ್ಕೆ 16,085 ಕೋಟಿ ನಷ್ಟವೆಂದು ಅದು ಅಂದಾಜು ಮಾಡಿತು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅದರಲ್ಲಿರುವ ‘ಜೀರೋ ರಿಸ್ಕ್’ ಎಂಬ ಪದ್ಧತಿಯ ವಿವರ. ಪರ್ಮಿಟ್ ಇಲ್ಲದ ಅದಿರು ಗಣಿಯಿಂದ ಹೊರಟು ಬಂದರು ಸೇರುವವರೆಗೆ ದಾರಿಯಲ್ಲಿ ಪೊಲೀಸ್, ಅರಣ್ಯ, ಸಾರಿಗೆ, ಗಣಿ ಇಲಾಖೆ ಯಾರೂ ಕೈ ಅಡ್ಡ ಹಿಡಿಯದಂತೆ ನೋಡಿಕೊಳ್ಳುವ ವ್ಯವಸ್ಥೆ ಅದು. ಲಾರಿ ತಡೆಯಬೇಕಾದ ಇಲಾಖೆಗಳ ಸುಮ್ಮನಿರುವಿಕೆಯನ್ನೇ ಟನ್ ಲೆಕ್ಕದಲ್ಲಿ ಮಾರಾಟಕ್ಕಿಟ್ಟಿದ್ದರು. ರೆಡ್ಡಿಯವರ ರಾಜಕೀಯ ಜೀವನವನ್ನೂ ಅವರ ಉದ್ಯಮವನ್ನೂ ಬೇರೆ ಬೇರೆ ಅಧ್ಯಾಯವೆಂದು ಬರೆಯುವವರು ಆ ಪುಟಗಳನ್ನು ಓದಬೇಕು.

ಅದೇ ವರ್ಷ ಸೆಪ್ಟೆಂಬರ್ 5ರಂದು ಸಿಬಿಐ ರೆಡ್ಡಿಯವರನ್ನು ಬಂಧಿಸಿತು. ಜಾಮೀನು ಕೊಡಲು ಲಂಚ ಪಡೆದ ಆರೋಪದಲ್ಲಿ 2012ರಲ್ಲಿ ಹೈದರಾಬಾದಿನ ನ್ಯಾಯಾಧೀಶರೊಬ್ಬರೇ ಅಮಾನತಾದರು. 2015ರಲ್ಲಿ ರೆಡ್ಡಿ ಹೊರಬಂದರು. ಮರುವರ್ಷ ನೋಟು ರದ್ದಾಗಿ ಜನ ಎರಡು ಸಾವಿರಕ್ಕೆ ಬ್ಯಾಂಕಿನ ಮುಂದೆ ಸಾಲು ನಿಂತಿದ್ದ ವಾರದಲ್ಲೇ ಬೆಂಗಳೂರು ಅರಮನೆ ಮೈದಾನದಲ್ಲಿ ಮಗಳ ಮದುವೆ ನಡೆಯಿತು. ಅದರ ವೈಭವದ ಬಗ್ಗೆ ಎಲ್ಲರೂ ಬರೆದಾಗಿದೆ. 2018ರ ವಿಧಾನಸಭಾ ಚುನಾವಣೆಗೆ ಮುನ್ನ ಅಮಿತ್ ಶಾ, ರೆಡ್ಡಿಗೂ ಪಕ್ಷಕ್ಕೂ ಸಂಬಂಧವಿಲ್ಲ ಎಂದರು. ಸಂಬಂಧವಿಲ್ಲದ ಮನುಷ್ಯ ಮೊಳಕಾಲ್ಮೂರಿನ ಬಳಿ ತೋಟದ ಮನೆ ಹಿಡಿದು ಶ್ರೀರಾಮುಲು ಪರ ಕೆಲಸ ಮಾಡಿದರು, ಸಹೋದರರು ಕಮಲದ ಚಿಹ್ನೆಯಲ್ಲೇ ನಿಂತರು. ಕೊನೆಗೆ ಪಕ್ಷ ತನ್ನನ್ನು ಮುನ್ನೆಲೆಗೆ ತರುವುದಿಲ್ಲವೆಂದು ಗೊತ್ತಾಗಿ 2022ರ ಡಿಸೆಂಬರ್ 25ರಂದು ಸ್ವಂತ ಪಕ್ಷ ಕಟ್ಟಿದರು. ಬಳ್ಳಾರಿ ನಗರದಲ್ಲಿ ಹೆಂಡತಿಯನ್ನು ಅಣ್ಣ ಸೋಮಶೇಖರ ರೆಡ್ಡಿಯವರ ವಿರುದ್ಧ ನಿಲ್ಲಿಸಿದರು. ಮನೆಯೊಳಗಿನ ಜಗಳದಲ್ಲಿ ಕಾಂಗ್ರೆಸ್ ಗೆದ್ದಿತು. ಗಂಗಾವತಿಯಲ್ಲಿ ತಾವು ಗೆದ್ದರು.

ಬೆಂಬಲಿಗರ ದೊಡ್ಡ ವಾದ ಇಲ್ಲಿಂದಲೇ ಹುಟ್ಟುತ್ತದೆ. ಜನರೇ ಗೆಲ್ಲಿಸಿದ ಮೇಲೆ ನಿಮ್ಮದೇನು ಎನ್ನುತ್ತಾರೆ. ಸಾಮೂಹಿಕ ವಿವಾಹ ಮಾಡಿಸಿದರು, ಕಷ್ಟಕ್ಕೆ ಆದರು, ಬಡವರಿಗೆ ಮನೆಬಾಗಿಲು ತೆರೆದಿಟ್ಟರು ಎನ್ನುತ್ತಾರೆ. ಗಂಗಾವತಿಯ ಮತದಾರರನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ತಹಶೀಲ್ದಾರರ ಕಚೇರಿಗೆ ಹತ್ತು ಸಲ ಅಲೆದರೂ ಆಗದ ಕೆಲಸವನ್ನು ಧಣಿ ಒಂದು ಫೋನಿನಲ್ಲಿ ಮಾಡಿಸಿದರೆ ಜನ ಧಣಿಯನ್ನೇ ನಂಬುತ್ತಾರೆ. ಆದರೆ ಮತದಾರ ಗೆಲ್ಲಿಸಿದ್ದು ಶಾಸಕನನ್ನು. ಅವರನ್ನು ಪಕ್ಷಕ್ಕೆ ಕರೆದದ್ದು ಗಂಗಾವತಿಯ ಜನರಲ್ಲ. ಆ ನಿರ್ಧಾರ ಬೆಂಗಳೂರು, ದಿಲ್ಲಿಯ ಕಚೇರಿಗಳದ್ದು, ಅದಕ್ಕೆ ಮತಪೆಟ್ಟಿಗೆಯ ಮರೆ ಸಲ್ಲದು.

ಎರಡನೆಯ ವಾದಕ್ಕೆ ತೂಕ ಹೆಚ್ಚು. ಎಲ್ಲರೂ ಅದಿರು ತಿಂದರು, ಹೆಸರು ಕೆಟ್ಟದ್ದು ರೆಡ್ಡಿಯದ್ದು ಮಾತ್ರ ಎಂಬ ವಾದ. ಇದು ಅರ್ಧಕ್ಕಿಂತ ಹೆಚ್ಚು ನಿಜ. ಲೋಕಾಯುಕ್ತ ವರದಿಯಲ್ಲಿ ಎಲ್ಲ ಪಕ್ಷಗಳ ಹೆಸರೂ ಇವೆ. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಲಕ್ಷಗಟ್ಟಲೆ ಟನ್ ಅದಿರು ಮಾಯವಾದ ಪ್ರಕರಣದಲ್ಲಿ 2024ರ ಅಕ್ಟೋಬರಿನಲ್ಲಿ ಏಳು ವರ್ಷ ಶಿಕ್ಷೆಗೆ ಗುರಿಯಾದವರು ಕಾರವಾರದ ಕಾಂಗ್ರೆಸ್ ಶಾಸಕ ಸತೀಶ್ ಸೈಲ್. ಅವರೂ ಉದ್ಯಮಿ, ಅವರ ಶಿಕ್ಷೆಯನ್ನೂ ಹೈಕೋರ್ಟ್ ಅಮಾನತಿನಲ್ಲಿಟ್ಟಿತು. ಆಡಳಿತದ ಸಾಲಿನಲ್ಲಿ ಒಬ್ಬರು, ವಿರೋಧದ ಸಾಲಿನಲ್ಲಿ ಒಬ್ಬರು. ಸದನದಲ್ಲಿ ಅಕ್ರಮ ಗಣಿಯ ಮಾತೆತ್ತಿದರೆ ಎರಡೂ ಕಡೆಯವರು ಬೆರಳು ತೋರಿಸಬಹುದು, ಆದ್ದರಿಂದ ಎರಡೂ ಕಡೆಯವರು ಕೈ ಕೆಳಗಿಡುತ್ತಾರೆ. ರೆಡ್ಡಿಯವರನ್ನು ಸಮರ್ಥಿಸಲು ಹೂಡಿದ ಈ ವಾದ ಸೈಲ್ ಅವರನ್ನೂ ಹೊರಗಿಡಿ ಎಂಬಲ್ಲಿಗೆ ಹೋಗಬೇಕಿತ್ತು. ಇಬ್ಬರನ್ನೂ ಒಳಗಿಡಿ ಎಂಬಲ್ಲಿಗೆ ಹೋಗಿ ನಿಂತಿದೆ.

ಸಿದ್ದರಾಮಯ್ಯನವರಿಗಂತೂ ಈ ವಿಷಯದಲ್ಲಿ ಹೆಚ್ಚಿನ ಹೊಣೆಯಿದೆ. 2010ರ ಜುಲೈನಲ್ಲಿ ಸದನದಲ್ಲಿ ರೆಡ್ಡಿ ಸಹೋದರರ ಸವಾಲಿಗೆ ತೊಡೆ ತಟ್ಟಿ, ಬೆಂಗಳೂರಿನಿಂದ ಬಳ್ಳಾರಿಗೆ 320 ಕಿಲೋಮೀಟರ್ ನಡೆದವರು ಅವರು. ವಿರೋಧ ಪಕ್ಷದ ನಾಯಕ ಏನು ಮಾಡಬಲ್ಲ ಎಂಬುದಕ್ಕೆ ಕರ್ನಾಟಕದಲ್ಲಿ ಈಚೆಗೆ ಅಂಥ ಇನ್ನೊಂದು ಉದಾಹರಣೆ ಇಲ್ಲ. 2013ರ ಮುಖ್ಯಮಂತ್ರಿ ಪದವಿ ಆ ರಸ್ತೆಯಲ್ಲೇ ಸಿಕ್ಕಿತು. ಆದರೆ 2025ರ ಜೂನ್‌ನಲ್ಲಿ ಅವರ ಸಂಪುಟದ ಎಚ್.ಕೆ. ಪಾಟೀಲರೇ, ಅಕ್ರಮ ಗಣಿ ಪ್ರಕರಣಗಳ ತನಿಖೆ ಎಲ್ಲಿಗೂ ಮುಟ್ಟಿಲ್ಲವೆಂದು ಮುಖ್ಯಮಂತ್ರಿಗೆ ಪತ್ರ ಬರೆಯಬೇಕಾಯಿತು. ಸಚಿವರು ತಮ್ಮದೇ ಮುಖ್ಯಮಂತ್ರಿಗೆ ವಿರೋಧ ಪಕ್ಷದ ಪತ್ರ ಬರೆದರು. ಅಸಲಿ ವಿರೋಧ ಪಕ್ಷ ಅದೇ ತಿಂಗಳು ತನ್ನ ಶಾಸಕರ ಸ್ಥಾನ ಮರಳಿ ಬರಲೆಂದು ಹೈದರಾಬಾದಿನ ಕಡೆ ನೋಡುತ್ತಿತ್ತು.

ತೋರಣಗಲ್ಲಿನ ಜಿಂದಾಲ್ ಭೂಮಿಯ ಕಥೆ ಇದಕ್ಕೆ ಜೋಡಿ. 3,667 ಎಕರೆಯನ್ನು ಕಂಪನಿಗೆ ಮಾರಲು 2019ರಲ್ಲಿ ಜೆಡಿಎಸ್‌ನ ಕುಮಾರಸ್ವಾಮಿ ಸರ್ಕಾರ ಹೊರಟಾಗ ಯಡಿಯೂರಪ್ಪ ಅಹೋರಾತ್ರಿ ಧರಣಿ ಕೂತರು. 2021ರಲ್ಲಿ ಅವರದೇ ಸಂಪುಟ ಮಾರಾಟಕ್ಕೆ ಒಪ್ಪಿ, ಸ್ವಪಕ್ಷದವರ ಗಲಾಟೆಗೆ ಹೆದರಿ ತಡೆಹಿಡಿಯಿತು. 2024ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಸಂಪುಟ ಒಪ್ಪಿತು. ಮೂರು ಪಕ್ಷಗಳೂ ಸರದಿಯಂತೆ ಮಾರಲು ಮುಂದಾದವು. ಅಂದಹಾಗೆ, ಮುಖ್ಯಮಂತ್ರಿಯಾಗಿದ್ದಾಗ ಕುಮಾರಸ್ವಾಮಿ ಗಣಿ ಮಾಲೀಕರಿಂದ 150 ಕೋಟಿ ಪಡೆದರೆಂದು 2006ರಲ್ಲಿ ಆರೋಪ ಮಾಡಿ ರಾಜ್ಯದ ತುಂಬ ಹೆಸರಾದವರು ಇದೇ ಜನಾರ್ದನ ರೆಡ್ಡಿ. ಈಗ ಇಬ್ಬರೂ ಒಂದೇ ಮೈತ್ರಿಕೂಟದಲ್ಲಿದ್ದಾರೆ.

ಇಷ್ಟಕ್ಕೂ ಬಳ್ಳಾರಿ ಪ್ರದೇಶದಲ್ಲಿ ವಿರೋಧ ಪಕ್ಷ ಕೇಳಬೇಕಾದ ಪ್ರಶ್ನೆಗಳಿಗೆ ಬರವೇನಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನಲ್ಲಿ ಹೋರಾಡಿದ ಫಲವಾಗಿ ಗಣಿಗಾರಿಕೆಗೆ ಕಡಿವಾಣ ಬಿತ್ತು, ಅದಿರು ಮಾರಾಟದ ಹಣದಿಂದ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ನಿಧಿ ಕೂಡಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸುಮಾರು 25 ಸಾವಿರ ಕೋಟಿಯ ಯೋಜನೆಗೆ ಕೋರ್ಟು 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಸಂಡೂರಿನ ಯಾವ ಹಳ್ಳಿಗೆ ಶುದ್ಧ ನೀರು ಬಂತು? ದೂಳು ಕುಡಿದ ಮಕ್ಕಳ ಶ್ವಾಸಕೋಶ ತಪಾಸಣೆ ಎಲ್ಲಿ ನಡೆಯಿತು? ಅಗೆದು ಬಿಟ್ಟ ಹೊಲಕ್ಕೆ ಮೇಲ್ಮಣ್ಣು ಹಾಕಿದವರು ಯಾರು? ರೆಡ್ಡಿಯವರನ್ನು ಪಕ್ಷಕ್ಕೆ ಸೇರಿಸಿಕೊಂಡ ಎಂಟು ತಿಂಗಳಿಗೆ ಸಂಡೂರಿನಲ್ಲೇ ಉಪಚುನಾವಣೆ ನಡೆಯಿತು. ಅವರೇ ಮುಂದೆ ನಿಂತು ಬಿಜೆಪಿ ಪ್ರಚಾರ ನಡೆಸಿದರು. ಈ ಪ್ರಶ್ನೆಗಳಲ್ಲಿ ಒಂದನ್ನಾದರೂ ವೇದಿಕೆಯಿಂದ ಕೇಳುವ ಬಾಯಿ ಆ ಪಕ್ಷಕ್ಕೆ ಅಲ್ಲಿ ಉಳಿದಿರಲಿಲ್ಲ. ಕಾಂಗ್ರೆಸ್ಸಿನ ಅನ್ನಪೂರ್ಣಾ ಗೆದ್ದರು. ಎರಡು ತಿಂಗಳಲ್ಲಿ ರೆಡ್ಡಿಗೂ ಶ್ರೀರಾಮುಲುಗೂ ಬಹಿರಂಗ ಜಗಳವಾಯಿತು. ಸೋಲಿಗೆ ಯಾರು ಕಾರಣ ಎಂಬುದೇ ಅದರ ಮೂಲ.